ಮೂಲ ತಿಳಿದುಬಂದಿಲ್ಲ

ಪೋರ್ಟ್‌ಲ್ಯಾಂಡಿನಿಂದ ಬಂದಿದೆ ಚಪ್ಪಟೆ ಪೆಟ್ಟಿಗೆ,
ಮಡಚಬೇಡಿ ಎಂದು ಮೂರು ಕಡೆ ಬರೆದದ್ದು.
ಒಳಗೆ ಕಿತ್ತಳೆ ಬಣ್ಣದ ತಟ್ಟೆ. ಬೆಳಕಿಗೆ ಹಿಡಿದರೆ
ಆಚೆ ಬದಿಯ ನನ್ನ ಬೆರಳು ಕಾಣುತ್ತೆ.
ನೂರೆಂಬತ್ತು ಗ್ರಾಮು, ಸಾವಿರದಲ್ಲಿ ನಾನೂರ ಹನ್ನೆರಡನೆಯದು,
ಬೆಲೆ ಮೂವತ್ತೆಂಟು ಡಾಲರು. ನನಗೆ ಪುಕ್ಕಟೆ.
ಆ ಚಳಿಗಾಲ, ತೊಂಬತ್ತೆರಡರಲ್ಲಿ,
ಮೂವತ್ತೆಂಟು ಡಾಲರು ಕೈಗಿಟ್ಟಿದ್ದರೆ ಗ್ಯಾಸ್ ಕಂಪನಿಯವನು
ಇನ್ನೊಂದು ತಿಂಗಳು ತಡೆದುಕೊಳ್ಳುತ್ತಿದ್ದ.

ಬಫಲೋ, ಫಿಲ್‌ಮೋರ್ ಅವೆನ್ಯೂ, ಮೂರನೇ ಮಹಡಿ.
ಕಿಟಕಿಯ ಸಂದಿಗೆ ನಾನು ತುರುಕಿದ ಬಟ್ಟೆಯನ್ನು
ಸರೋವರದ ಗಾಳಿ ಹಲ್ಲಿನಿಂದ ಕಿತ್ತೆಸೆಯುತ್ತಿತ್ತು.
ಹುಡುಗರಿಬ್ಬರು: ನನ್ನ ತಂಗಿಯ ಮಗ ಕಾರ್ಟ್‌ಲಂಡ್,
ಕೆಳಮನೆಯ ವರ್ಡೆಲ್.
ಟೇಪಿನ ಯಂತ್ರವನ್ನು ಚರ್ಚಿನಿಂದ ಕೇಳಿ ತಂದೆವು ಎಂದರು.
ಯಾರನ್ನು ಕೇಳಿ ಅಂತ ನಾನು ಕೇಳಲಿಲ್ಲ.
ಕೋಟಿನ ಹ್ಯಾಂಗರು ದುಂಡಗೆ ಬಗ್ಗಿಸಿ
ನನ್ನ ಉದ್ದನೆಯ ಕಾಲುಚೀಲ ಅದಕ್ಕೆ ಬಿಗಿದು
ಮೈಕಿನ ಮುಂದೆ ಕಟ್ಟಿದರು, ಉಸಿರು ಸಿಡಿಯದಿರಲೆಂದು.
ಭಾನುವಾರಕ್ಕೆಂದು ಎತ್ತಿಟ್ಟಿದ್ದ ಜೊತೆ.
ಅವರ ಸಿಟ್ಟೆಲ್ಲ ಅದರಲ್ಲೇ ಸೋಸಿ ಬಂದದ್ದು:

*ಬಾಯ್ಲರು ಸತ್ತು ಹನ್ನೊಂದು ದಿನ, ಹೆಣ ಎತ್ತೋರಿಲ್ಲ,*
*ಬಾಡಿಗೆ ಮಾತ್ರ ಒಂದನೇ ತಾರೀಕು ತಪ್ಪದೆ ಹುಟ್ಟತ್ತಲ್ಲ!*

ಕಾರ್ಟ್ ಇದನ್ನು ಹೇಳುವಾಗ ಬಾಯಿಂದ ಬಿಳಿ ಹೊಗೆ.
ನಾನು ಗ್ಯಾಸ್ ಓವನ್ ಹಚ್ಚಿ ಬಾಗಿಲು ತೆರೆದಿಟ್ಟಿದ್ದೆ,
ಅಪಾಯ ಅಂತ ಗೊತ್ತಿದ್ದೂ.
ಹಾಡುಗಳೆಲ್ಲದರ ಅಡಿಗೆ ಅದರ ಸದ್ದು,
ಸ್ಸ್ ಎನ್ನುವ ನೀಲಿ ಸದ್ದು. ಕ್ಯಾಸೆಟ್ಟಿನಲ್ಲಿ
ಅದೇ ನಮ್ಮ ಮೂರನೆಯ ಗಾಯಕ.

ಮುನ್ನೂರು ಪ್ರತಿ ತೆಗೆದಿದ್ದರು. ಕಾರಿನ ಡಿಕ್ಕಿಯಿಂದ ಮಾರಿದ್ದು.
ಮನೆಯೊಡೆಯನಿಗೂ ಒಂದು ಕೊಟ್ಟ ವರ್ಡೆಲ್, ಬಾಡಿಗೆಯ ಲಕೋಟೆಯಲ್ಲಿಟ್ಟು.
ಆ ಕಟ್ಟಡ ಈಗಿಲ್ಲ. ಕಾರ್ಟ್ ಕೂಡ.
ಅವನು ಡಯಾಲಿಸಿಸ್ಸಿನ ಕುರ್ಚಿಯಲ್ಲಿ ಹೋದ, ಒಂದು ಬುಧವಾರ;
ಆ ವಾರ ಯಾವ ಪತ್ರಿಕೆಗೂ ಅವನ ಹೆಸರು ಗೊತ್ತಿರಲಿಲ್ಲ.
ವರ್ಡೆಲ್ ನಗರಸಭೆಗೆ ಹಿಮ ಗುಡಿಸುವ ಲಾರಿ ಓಡಿಸುತ್ತಾನೆ.

ಹನ್ನೆರಡು ಪುಟದ ಪುಸ್ತಿಕೆ ಇಟ್ಟಿದ್ದಾರೆ ಜೊತೆಗೆ.
ಪ್ರೊಫೆಸರೊಬ್ಬರು ಬರೆದದ್ದು. ಕನ್ನಡಕ ಬದಲಿಸಿ ಓದಿದೆ.
ನಮ್ಮ ಅಡುಗೆಮನೆಯನ್ನು ಅವರು
'ಉದ್ಯಮೋತ್ತರ ನಗರದ ಪ್ರತಿರೋಧದ ತಾಣ' ಎಂದಿದ್ದಾರೆ.
ಇರಬಹುದು. ಒಂದು ಕಾಲು ಮುರಿದ ಮೇಜೂ ಇತ್ತಲ್ಲಿ.

ಮೊಮ್ಮಗಳು ಜನೇಸಿಯಾ ಯಾರಿಂದಲೋ ತಂದ
ಪ್ಲೇಯರಿನ ಮೇಲೆ ಮುಳ್ಳಿಟ್ಟಳು.
ಕಾರ್ಟ್ ಬಂದ. ಅಯ್ಯೋ, ಎಷ್ಟು ಹತ್ತಿರ,
ಹತ್ತೊಂಬತ್ತರ ಗಂಟಲು, ಇನ್ನೂ ಏನೂ ಕೆಟ್ಟಿಲ್ಲದ ಮೂತ್ರಪಿಂಡ.
ಆದರೆ ಎಲ್ಲೋ ಶೂನ್ಯದಲ್ಲಿ ನಿಂತು ಹಾಡುತ್ತಿದ್ದಾನೆ.
ಸುತ್ತ ಏನೂ ಇಲ್ಲ. ಗೋಡೆಯಿಲ್ಲ. ಓವನ್ ಆರಿದೆ.
ಹಳೇ ಟೇಪಿನ ಕೊಳೆ ಎಂದುಕೊಂಡು
ಯಾವನೋ ಒಳ್ಳೆಯ ಹುಡುಗ, ರಾತ್ರಿಯೆಲ್ಲ ಕೂತು, ತೊಳೆದುಬಿಟ್ಟಿದ್ದಾನೆ.
"ಹೇಗಿದೆ ಅಜ್ಜಿ?" ಅಂದಳು. ಚೊಕ್ಕಟವಾಗಿದೆ ಅಂದೆ.
ಶಾಲು ಎಳೆದುಕೊಂಡೆ.

ಎರಡನೆಯ ಬದಿ, ನಾಲ್ಕನೆಯ ಹಾಡು.
ವರ್ಡೆಲ್ಲನ ಸಾಲಿನ ನಟ್ಟನಡುವೆ,
ಅವನ ದನಿಗೆ ಅಂಟಿಕೊಂಡು, ಯಾವ ಬ್ಲೇಡಿಗೂ ಬಿಡದೆ,
ಒಬ್ಬಳು ಹೆಂಗಸು ಗದರುತ್ತಾಳೆ:
"ಬಾಗಿಲು ಹಾಕ್ರೋ! ಇರೋ ಶಾಖಾನೂ ಹೋಗತ್ತೆ!"

ಪುಸ್ತಿಕೆಯ ಕೊನೆಯ ಪುಟ, ಸಣ್ಣಕ್ಷರ:
ಸ್ತ್ರೀ ಧ್ವನಿ, ಬಹುಶಃ ಯಾವುದೋ ಹಳೆಯ ಚಿತ್ರದಿಂದ.
ಮೂಲ ತಿಳಿದುಬಂದಿಲ್ಲ.

ಜನೇಸಿಯಾ ಫೋನು ಎತ್ತಿಕೊಂಡಳು, ಈಗಲೇ ಹೇಳುತ್ತೇನೆ ಅವರಿಗೆ ಎಂದು.
ಬೇಡ ಅಂದೆ. ಇರಲಿ.
ಸಾವಿರ ಮನೆಗಳು. ಓಸ್ಲೋದಲ್ಲಿ, ಒಸಾಕಾದಲ್ಲಿ,
ಬೆಚ್ಚಗಿನ ಕೋಣೆಯೊಂದರಲ್ಲಿ ಕಾಲು ಚಾಚಿ ಕೂತ ಯಾರೋ
ಒಂದು ಕ್ಷಣ ತಿರುಗಿ
ತಮ್ಮ ಬಾಗಿಲಿನ ಕಡೆ ನೋಡಿಯಾರು.