ಕೆಟ್ಟ ಮಶೀನಿನ ಕಣ್ಣು

ಸಂಖದ ಬಸ್‌ಸ್ಟ್ಯಾಂಡಿನೆದುರು ನನ್ನ ಝೆರಾಕ್ಸ್ ಅಂಗಡಿ.
ಹಳೆಯ ಮಶೀನು ಸತ್ತಾಗ, ಗುಜರಿಯವ ತೂಕಕ್ಕೆ ಹಾಕುವ ಮೊದಲು
ಅದರ ಕಣ್ಣು ಕಿತ್ತಿಟ್ಟುಕೊಂಡೆ.
ಹನ್ನೊಂದು ವರ್ಷ
ಬೋರಲು ಮಲಗಿದ ಕಾಗದಗಳನ್ನೇ ಓದಿದ ಕಣ್ಣು:
ರೇಷನ್ ಕಾರ್ಡು, ಕನ್ನಡ ಸಾಲೆಯ ದಾಖಲೆ, ಅದರ ಮರಾಠಿ ತರ್ಜುಮೆ,
ಸಾತ್‌ಬಾರಾ ಉತಾರದ ಒಂದೇ ಗೆರೆಯಲ್ಲಿ
ಒತ್ತಿಕೊಂಡು ಕೂತ ಅಣ್ಣತಮ್ಮರ ಹೆಸರು.
ಜತ್ತಿನ ಕೋರ್ಟಿಗೆ ಅವರು
ಬೇರೆ ಬೇರೆ ಬಸ್ಸಿನಲ್ಲಿ ಹೋಗುತ್ತಾರೆ.

ದ್ರಾಕ್ಷಿ ತೋಟದ ಪೈಪಿನ ತುಂಡು,
ವಿಜಾಪುರದ ಗಡಿಯಾರ ರಿಪೇರಿಯವ ಕೊಟ್ಟ ಭೂತಗನ್ನಡಿ,
ಬಿಗಿಯಲು ಸೈಕಲ್ ಟ್ಯೂಬು.
ಆಯಿತು ದುರ್ಬೀನು.

ನವೆಂಬರಿನಿಂದ ಉದ್ರಿ ಲೆಕ್ಕದ ವಹಿಯಲ್ಲೇ ಬರೆದಿದ್ದೇನೆ:
ಗುರು, ಶನಿ. ನಡುವೆ ಮೂರು ಬೆರಳು.
ಎರಡು.
ಕಿರುಬೆರಳೂ ದಪ್ಪವಾಯಿತು.
ಮೋಡ. ಬಾಕಿ: ನಿಂಗೊಂಡ, ಹದಿನಾಲ್ಕು ರೂಪಾಯಿ.
ಜೋಳದ ಕಾಳು.
ಕಡ್ಡಿಪೆಟ್ಟಿಗೆಯ ಕಡ್ಡಿ.

ಇಪ್ಪತ್ತೊಂದು, ಸೋಮವಾರ,
ಲೈನ್‌ಮನ್ ನದಾಫನಿಗೆ ಫೋನು ಹಚ್ಚಿದೆ.
"ಇಬ್ರಾಹಿಂ, ಸ್ಟ್ಯಾಂಡಿನ ದೀಪ ಹತ್ತು ಮಿನಿಟು ತೆಗೀತೀಯೇನ?"
"ಇಪ್ಪತ್ತು ವರ್ಷ ಆತು, ಕರೆಂಟ್ ಕೊಡು ಅಂತ ಬೈಸಿಕೊಳ್ಳಾಕ ಹತ್ತೀನಿ.
ಕತ್ತಲಿ ಕೊಡು ಅಂದಾಂವ ನೀನ ಮೊದಲ್ನೇಂವ."
ಅಂದ. ತೆಗೆದ.

ಕತ್ತಲೆಗೆ ಬೈಯುತ್ತ ಜನ ಹೊರಗೆ ಬಂದರು,
ಬಂದವರು ಸುಮ್ಮನೆ ಸಾಲು ಹಚ್ಚಿದರು.
ಮಾಸ್ಕಿನ ಉಸಿರಿಗೆ ಗಾಜು ಮಬ್ಬಾಗುತ್ತಿತ್ತು,
ಒಬ್ಬೊಬ್ಬರಿಗೂ ಟಾವೆಲ್ಲಿನ ಚುಂಗಿನಿಂದ ಒರೆಸಿ ಕೊಟ್ಟೆ.
"ಒಂದ ಐತೆಲ್ಲೋ."
"ಎರಡ ಅದಾವ, ಸರಿ ನೋಡು."
"ದೊಡ್ಡದರ ಮಗ್ಗಲಾಗ ಸಣ್ಣ ಸಣ್ಣಾವು ಏನವು, ತತ್ತಿ ಇಟ್ಟದೇನ?"

ಸ್ಟ್ಯಾಂಡು ಗುಡಿಸುವ ಲಗಮವ್ವ ದೂರವೇ ನಿಂತಿದ್ದಳು.
ಶನಿವಾರಕ್ಕೊಂದು ಮಿಳ್ಳಿ ಎಣ್ಣೆ ಹೊಯ್ದು
ಮಗನ ಸಾಡೇಸಾತಿ ದಾಟಿಸಿದವಳು.
ಆಮೇಲೆ ತನಗೆ ತಾನೇ ಅಂದುಕೊಂಡಳು:
"ಅಂವ ನಮ್ಮನ್ನ ನೋಡಬಾರದು ಅಂತಾರ.
ನಾವು ಅವನ್ನ ನೋಡಬಾರದು ಅಂತ ಯಾರೂ ಹೇಳಿಲ್ಲಲ್ಲ."
ಪೊರಕೆ ಕಂಬಕ್ಕೆ ಆನಿಸಿ ಬಂದಳು, ಬಗ್ಗಿದಳು,
ಹಿಂದಿನವರು ಗೊಣಗಿದರೂ ಏಳಲಿಲ್ಲ.
"ಇಷ್ಟ ಅದಾನ," ಅಂದಳು ಕಡೆಗೆ.
"ಕಿವಿಯಾಗ ಮುರು ಹಾಕ್ಯಾನ, ಮದುವಿ ಹುಡುಗನ್ಹಂಗ."

ಎಲ್ಲರದಾದ ಮೇಲೆ ನಾನು.
ಒಂದೇ ಗಾಜಿನಲ್ಲಿ ಬೇರೆ ಬೇರೆ ಹೊತ್ತಿಗೆ ಹೊರಟ ಎರಡು ಬೆಳಕು.
ಗುರುವಿನದು ಹೊರಟಾಗ ನಾನು ಶಟರ್ ಎಳೆಯುತ್ತಿದ್ದೆ.
ಶನಿಯದು ಹೊರಟಾಗ ಇನ್ನೂ ಬಿಸಿಲಿತ್ತು,
ಉಮದಿಯ ಬಸ್ಸು ಬಂದಿರಲಿಲ್ಲ,
ಬಂದು ನಾನು ಬೇಡವೆಂದು ಅನ್ನಬೇಕಾದ ಸಾಲ
ಇನ್ನೂ ಯಾರೂ ಕೇಳಿರಲಿಲ್ಲ.
ನಡುವೆ ಎಪ್ಪತ್ತಮೂರು ಕೋಟಿ ಕಿಲೋಮೀಟರು.
ಸಾಲಿನಲ್ಲಿದ್ದವರಿಗೆ ಹೇಳೋಣವೆಂದು ಬಾಯಿ ತೆರೆದೆ.
ಅಣ್ಣನೂ ಇದ್ದ, ತಮ್ಮನೂ ಇದ್ದ.
ಮುಚ್ಚಿದೆ.

ಪವನಚಕ್ಕಿಗಳ ಕೆಂಪು ದೀಪದೊಳಗೆ ಎರಡೂ ಇಳಿದವು,
ಯಾವುದು ಯಾವುದೆಂದು ಗೊತ್ತಾಗದ ಹಾಗೆ.
ಹತ್ತು ಮಿನಿಟಿನ ಕತ್ತಲೆ ಐವತ್ತಾಗಿತ್ತು.
ನದಾಫನೂ ಟ್ರಾನ್ಸ್‌ಫಾರ್ಮರಿನ ಹತ್ತಿರ
ಕತ್ತು ಮೇಲೆ ಮಾಡಿ ನಿಂತಿದ್ದನಂತೆ.

ಮರುದಿನ ಲಗಮವ್ವನ ಮೊಮ್ಮಗ ಯಲ್ಲಾಲಿಂಗ
ಎರಡು ರೂಪಾಯಿ ಹಿಡಿದು ಬಂದ: ನಾನು ಬರೆದ ಚಿತ್ರದ ಝೆರಾಕ್ಸ್ ಬೇಕು.
"ಮತ್ತ ಇಷ್ಟು ಹತ್ರ ಯಾವಾಗ್ರಿ?"
"ಎರಡು ಸಾವಿರದ ಎಂಬತ್ತಕ್ಕ."
ಬೆರಳು ಮಡಿಸಿದ. "ಅವಾಗ ನಾ ಅರವತ್ತೊಂಬತ್ತು,"
ಅಂದ, ಬರುವ ವಾರ ಎನ್ನುವ ಹಾಗೆ.
ಹಾಳೆ ಬಿಸಿಯಾಗಿ ಹೊರಬಂತು.
ಬಿಸಿಲಿಗೆ ಹಿಡಿದು ನೋಡಿದ, ಎಣಿಸಿದ, ಮತ್ತೆ ಎಣಿಸಿದ.
"ಕಾಕಾ, ಇಲ್ಲಿ ಅಂಚಿನ್ಯಾಗ ಎರಡು ಹೆಚ್ಚಿನವು ಅದಾವಲ್ರಿ,
ಇವು ಯಾವು?"
ಡ್ರಮ್ಮಿನ ಕಲೆ. ತಿಂಗಳಾಯಿತು, ಬದಲಿಸಬೇಕು.
"ಅವು ನಮ್ಮ ಮಶೀನಿನವು," ಅಂದೆ.
ಅದಕ್ಕೂ ಹೆಸರು ಬರೆದುಕೊಡಿ ಎಂದು
ಪೆನ್ನು ಚಾಚಿದ.