ಬಾಡಿಗೆಗೆ, ಬೆಚ್ಚನೆ ಮನೆ

ಲಂಡನ್ನಿನಿಂದ ಮತ್ತೆ ಫೋನು:
ಅಗ್ಗಿಷ್ಟಿಕೆಯಲ್ಲಿ ಉರಿಯುವುದು ನಿಜದ ಕಟ್ಟಿಗೆ ತಾನೆ?
ಹೌದು, ಸೇಬಿನದು. ಹೋದ ಬಿರುಗಾಳಿಗೆ ಬಿದ್ದ ಮರ.
ಪಬ್ಬು ನಡೆದು ಹೋಗುವಷ್ಟು ಹತ್ತಿರವೆ?
ಹೋಗುವಾಗ ಹತ್ತಿರ. ಬರುವಾಗ ಏರು.
ಕ್ರಿಸ್‌ಮಸ್ಸಿಗೆ ಹಿಮ ಬೀಳುತ್ತದಲ್ಲ?

ಮಿಲ್ಡ್ರೆಡ್ ಕಿಟಕಿಯಾಚೆ ನೋಡುತ್ತಾಳೆ:
ಶ್ರಾಪ್‌ಶೈರಿನ ಕೆಸರು, ಕೆಸರಲ್ಲಿ ಕುರಿ,
ಕುರಿಯ ಮೇಲೆ ಬೂದುಬಣ್ಣದ ಮಳೆ.
ಹಿಮ ನನ್ನ ಕೈಯಲ್ಲಿಲ್ಲ, ಅನ್ನುತ್ತಾಳೆ,
ಬಿಸಿನೀರಿನ ಚೀಲ ಕೊಡಬಲ್ಲೆ, ತಲೆಗೊಂದು.

ಪಟ್ಟಿ ಬೆಳೆಯುತ್ತದೆ:
ಹಾಲಿಯ ಮುಳ್ಳುಕೊಂಬೆ, ಮೇಣದಬತ್ತಿ,
ಕಿರುಗುಟ್ಟುವ ಕದಕ್ಕೆ ಎಣ್ಣೆ,
ತನ್ನ ಹಲ್ಲುಜ್ಜುವ ಬ್ರಶ್ಶು ಮರೆಯದೆ ತೆಗೆಯುವುದು.
ಬಂದ ದುಡ್ಡಲ್ಲಿ ಸೋರುವ ಮಾಡು;
ಉಳಿದರೆ ಬೂಟು.

ಇಪ್ಪತ್ತನಾಲ್ಕರ ಸಂಜೆ
ಬೀಗದಕೈ ಹೂಕುಂಡದಡಿ ಇಟ್ಟು
ಬೆಕ್ಕನ್ನು ಬಗಲಿಗೇರಿಸಿ
ಹಿತ್ತಲ ಕ್ಯಾರವಾನಿಗೆ ನಡೆಯಬೇಕು.
ಅಲ್ಲಿಂದಲೇ ಚೆಂದ,
ತನ್ನ ಮನೆಯ ಹೊಗೆ.