ಪುಟ್ಟ ಪಾದದ ರೋಗ

ಮೂರು ವಾರಕ್ಕೊಮ್ಮೆ, ಮಂಗಳವಾರ,
ಏಳೂವರೆಯ ಮೆಟ್ರೊ ಹಿಡಿದು ಪೋರ್ಟೊಗೆ ಬರುತ್ತೇನೆ.
ಆಸ್ಪತ್ರೆಯ ನಾಲ್ಕನೇ ಕುರ್ಚಿ ನನ್ನದು, ಕಿಟಕಿಯ ಪಕ್ಕದ್ದು.
ಅದರ ಕೈ ಹರಿದಿತ್ತು,
ಬಲೆಯ ದಾರದಲ್ಲಿ ಹೊಲಿದುಬಿಟ್ಟೆ.
ನರ್ಸ್ ಇಸಾಲ್ಟಿನಾ ನೋಡಿದಳು, ಏನೂ ಅನ್ನಲಿಲ್ಲ.

ನಮ್ಮೂರು ಪೋವೊವಾದಲ್ಲಿ ಇದಕ್ಕೆ
ಪುಟ್ಟ ಪಾದದ ರೋಗ ಅಂತ ಹೆಸರು,
ಕೂಸಿಗೆ ಹೆಣೆದ ಕಾಲ್ಚೀಲದಂಥ ಹೆಸರು.
ಮೊದಲು ಹೆಬ್ಬೆರಳು ತಾನು ಯಾರದೆಂದು ಮರೆಯುತ್ತದೆ,
ಆಮೇಲೆ ಹಿಮ್ಮಡಿ,
ಆಮೇಲೆ ಮೊಣಕಾಲು.

ಒಂದು ಸಂಜೆ ಅಪ್ಪ ಅಲ್ಬಾನೊ ದೋಣಿ ಇಳಿದು
ಮನೆತನಕ ನಡೆದೇ ಬಂದ.
ಹೊಸ್ತಿಲಲ್ಲಿ ಅಮ್ಮ ಕಿರುಚಿದಾಗಲೇ ಬಗ್ಗಿ ನೋಡಿಕೊಂಡದ್ದು:
ಅಂಗಾಲಲ್ಲಿ ಗಾಳದ ಕೊಕ್ಕೆ,
ಬೀದಿಯುದ್ದಕ್ಕೂ ಕೆಂಪು.
"ಮೀನಿಗೂ ಹೀಗೇ ಆಗಿದ್ದರೆ ಚೆನ್ನಾಗಿತ್ತು" ಅಂದು ನಕ್ಕ.
ಆಗವನಿಗೆ ಮೂವತ್ತನಾಲ್ಕು.
ನಲವತ್ತನಾಲ್ಕಕ್ಕೆ ಅವನ ಪೆಟ್ಟಿಗೆಯನ್ನು
ಇಬ್ಬರೇ ಎತ್ತಿದರು.

ನಮ್ಮವರಿಗೆ ಅಕ್ಷರ ಬಂದದ್ದು ತಡವಾಗಿ.
ಅದಕ್ಕೂ ಮುಂಚೆ ಮನೆತನಕ್ಕೊಂದು ಗುರುತು,
ಚಾಕುವಿನಲ್ಲಿ ಗೀರಿದ್ದು:
ದೋಣಿಗೆ, ಹುಟ್ಟಿಗೆ, ಬಲೆಯ ಬೆಂಡಿಗೆ, ಗೋರಿಗೆ.
ಹಿರಿಯ ಮಗ ಅದಕ್ಕೊಂದು ಗೀಟು ಸೇರಿಸಿಕೊಳ್ಳಬೇಕು,
ಮಧ್ಯದವರೂ ಅವರವರ ಲೆಕ್ಕಕ್ಕೆ;
ಕಿರಿಯವನಿಗೆ ಮಾತ್ರ ಅಪ್ಪನದು ಇದ್ದ ಹಾಗೇ.
ನಮ್ಮದು ಕೋಳಿಕಾಲು, ಮೂರು ಗೆರೆ.
ನಮ್ಮಪ್ಪ ಕಿರಿಯವ.
ಗುರುತೂ ಹಾಗೇ ಬಂತು, ಇದೂ.

ಇದೂ ಒಂದು ಗೀಟೇ ಅನ್ನುತ್ತಾರೆ ಡಾಕ್ಟರು.
ಮುನ್ನೂರು ಕೋಟಿ ಅಕ್ಷರದ ಪುಸ್ತಕದಲ್ಲಿ
ಒಂದು ಸಾಲಿನಲ್ಲಿ ಒಂದಕ್ಷರ ಬೇರೆ.
ಆ ಸಾಲನ್ನು ನಕಲು ಮಾಡಿಕೊಂಡ ಓಲೆ
ಲಿವರಿನ ಅಡುಗೆಮನೆಗೆ ಹೋಗುತ್ತದೆ,
ಅಡುಗೆಯವರು ಬರೆದದ್ದನ್ನು ಬರೆದ ಹಾಗೇ ಮಾಡುತ್ತಾರೆ,
ಪಾಪ, ಅವರ ತಪ್ಪೇನಿದೆ.
ಬೆಂದು ಬಂದದ್ದು ಮಡಿಕೆ ಕೆಟ್ಟು, ಬಿಚ್ಚಿ,
ರಕ್ತದಲ್ಲಿ ತೇಲಿ
ನರಗಳ ಬುಡದಲ್ಲಿ ಬಂದರಿನ ಹೂಳಿನಂತೆ ಕೂರುತ್ತದೆ,
ವರ್ಷ ವರ್ಷ, ಎಳ್ಳೆಳ್ಳಷ್ಟೆ.

ಅಮ್ಮ ಇದನ್ನು ಹಣೆಬರಹ ಅನ್ನುತ್ತಿದ್ದಳು.
ಹಣೆಯಲ್ಲ ಅಮ್ಮ, ಲಿವರು.

ಈಗ ಈ ಚೀಲದಿಂದ ತೊಟ್ಟಿಕ್ಕುತ್ತಿರುವುದು
ಇಪ್ಪತ್ತೊಂದು ಅಕ್ಷರದ ಒಂದು ಚೂರು.
ಮಳೆಯಂಗಿ ತೊಟ್ಟ ಬೆಸ್ತನ ಹಾಗೆ
ಕೊಬ್ಬಿನ ಹನಿಯೊಳಗೆ ಮುದುಡಿ ರಕ್ತವನ್ನು ದಾಟುತ್ತದಂತೆ.
ಎರಡು ಎಳೆ. ಒಳಗೆ ಹೋದ ಮೇಲೆ ಒಂದನ್ನು ಬಿಸಾಡುತ್ತಾರೆ.
ಇನ್ನೊಂದು ಹೋಗಿಬರುವ ಓಲೆಗಳನ್ನೆಲ್ಲ ತಡವಿ
ತನಗೆ ಹೊಂದುವ ಸಾಲು ಸಿಕ್ಕಾಗ ಅದಕ್ಕೆ ಒರಗುತ್ತದೆ.
ಕತ್ತರಿ ಅದರದಲ್ಲ. ಅದು ಜೀವಕೋಶದ್ದೇ,
ಯಾವ ಕಾಲದಿಂದಲೋ ಅಲ್ಲೇ ಇದ್ದದ್ದು.
ಚೂರು ಬೆರಳಿಟ್ಟು ತೋರಿಸುತ್ತದೆ, ಅಷ್ಟೆ:
ಇದನ್ನು. ಇಲ್ಲಿ.

ಓಲೆ ತುಂಡು. ಒಲೆ ತಣ್ಣಗೆ.

ಒಳ್ಳೆಯ ಓಲೆಯೂ ತುಂಡಾಗುತ್ತದೆ, ಅದು ಬೇರೆ ಮಾತು;
ಅಪ್ಪನ ಕಡೆಯದು ಯಾವುದು, ಅಮ್ಮನ ಕಡೆಯದು ಯಾವುದು,
ಅದಕ್ಕೇನು ಗೊತ್ತು.
ಎ ವಿಟಮಿನ್ ಹೊರುವ ಕೂಲಿಯೂ ಆ ಅಡುಗೆಮನೆಯದೇ,
ಅವನೂ ಕಡಿಮೆಯಾದ.
ಅದಕ್ಕೇ ದಿನಾ ಒಂದು ಗುಳಿಗೆ ನುಂಗುತ್ತೇನೆ, ಕಣ್ಣಿಗೆ ಅಂತ.

"ಹಾಗಾದರೆ ಬರಹ ಅಳಿಯಿತೇ?" ಕೇಳಿದ್ದೆ ಮೊದಲ ಸಲ.
"ಇಲ್ಲ ದೆಯೊಲಿಂಡ," ಟೇಪು ಹಚ್ಚುತ್ತಾ ಇಸಾಲ್ಟಿನಾ ಅಂದಳು,
"ಅದು ಅಲ್ಲೇ ಇದೆ. ಮೂರು ವಾರ
ಗಟ್ಟಿಯಾಗಿ ಓದುವವರಿಲ್ಲ."

ಹೋದ ತಿಂಗಳು ಕಡಲ ದಂಡೆಯಲ್ಲಿ ಚಪ್ಪಲಿ ಬಿಟ್ಟು ನಿಂತೆ.
ಮರಳು ತಣ್ಣಗಿದೆ ಅನ್ನಿಸಿತು.
ಅನ್ನಿಸಿತೋ, ನೆನಪಾಯಿತೋ.
ಯಾರಿಗೂ ಹೇಳಲಿಲ್ಲ.

ನನ್ನ ಕಿರಿಯ ಮಗ ಝೆಫೆರಿನೊಗೆ ಇಪ್ಪತ್ತಮೂರು.
ರಕ್ತವೇನೋ ಕೊಟ್ಟು ಬಂದ.
ಫಲಿತಾಂಶ ಕೇಳಲು ಬಾ ಎಂಬ ಲಕೋಟೆ
ಸಾರ್ಡೀನ್ ಡಬ್ಬಗಳ ಹಿಂದಿದೆ, ಒಡೆದಿಲ್ಲ.
ಅರ್ಧಕ್ಕರ್ಧ, ನಾಣ್ಯ ಚಿಮ್ಮಿದ ಹಾಗೆ.
ಈಗ ಮದ್ದಿದೆಯಲ್ಲೋ ಅಂದರೆ
"ಮದ್ದಿದ್ದರೆ ಅವಸರವೇನು?" ಅನ್ನುತ್ತಾನೆ,
ಅವನ ಅಜ್ಜನದೇ ನಗು.

ಮೊನ್ನೆ ಬೈಕಿನ ಟ್ಯಾಂಕಿನ ಮೇಲೆ
ಬಿಳಿ ಬಣ್ಣದಲ್ಲಿ ಕೋಳಿಕಾಲು ಬರೆದುಕೊಂಡಿದ್ದ,
ಮೂರೇ ಗೆರೆ.
ಅವನಿಲ್ಲದಾಗ ಹೋಗಿ ಮುಟ್ಟಿ ನೋಡಿದೆ.
ಬಣ್ಣ ಇನ್ನೂ ಹಸಿ.
ಬೆರಳಿಗೆ ಅಂಟಿತು.
ಬೆರಳಿಗಿನ್ನೂ ತಿಳಿಯುತ್ತದೆ.

ಎಂಬತ್ತು ನಿಮಿಷ. ಯಂತ್ರ ಕೂಗುತ್ತಿದೆ.
ಪಕ್ಕದ ಕುರ್ಚಿಯ ಮುದುಕ ನಿದ್ದೆಯಲ್ಲೇ
ಕಾಲು ಕೊಡವಿದ.